ಪಕ್ಕದ ಮನೆ ಅಜ್ಜಿಯ ಕನ್ನಡಕ

ಗೆಳೆಯಾ,

ನಿನ್ನ ಮೆಸೇಜು ಮೂರು ಸಲ ಓದಿದೆ. ಪಕ್ಕದ ಮನೆ ಅಜ್ಜಿ ಎರಡು ತಿಂಗಳಿಂದ ಹೊರಗೆ ಬಂದಿಲ್ಲ. ಒಮ್ಮೆ ಕಿಟಕಿಯಲ್ಲಿ ಕಂಡಾಗ ಕನ್ನಡಕ ಇರಲಿಲ್ಲ. ನೀನು ಅವರನ್ನು ಮಾತಾಡಿಸಿದರೆ ಉತ್ತರ ಕೊಟ್ಟದ್ದು ಮಗ. ಇಷ್ಟೆಲ್ಲಾ ಬರೆದು ಕೊನೆಗೆ "ಬಿಡು, ಅವರ ಮನೆ ವಿಷಯ, ನಮಗ್ಯಾಕೆ ಇಲ್ಲದ ಉಸಾಬರಿ" ಅಂದಿದ್ದೀಯ. ಆ ಕೊನೆಯ ಸಾಲಿಗೆ ಈ ಪತ್ರ. ನೀನು ಒಪ್ಪಿದ್ದೀಯ ಅಂತ ನಿನ್ನ ಹೆಸರು ತೆಗೆದು ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ಅದೇ ಮಾತನ್ನು ನಾನೂ ಹೇಳಿಕೊಂಡವನೇ. ಹಿಂದೆ ನಾನಿದ್ದ ಕಟ್ಟಡದಲ್ಲಿ ಒಬ್ಬ ಅಜ್ಜ ಇದ್ದರು. ದಿನಾ ಸಂಜೆ ಕೆಳಗೆ ಬಂದು ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಒಂದು ದಿನ ಬರುವುದು ನಿಂತಿತು. ವಯಸ್ಸಾಯಿತಲ್ಲ, ಮೆಟ್ಟಿಲು ಇಳಿಯಲು ಕಷ್ಟ ಇರಬೇಕು ಅಂದುಕೊಂಡು ಸುಮ್ಮನಾದೆ. ಅವರು ಬಿದ್ದು ಆಸ್ಪತ್ರೆ ಸೇರಿ, ಪೊಲೀಸರು ವಿಚಾರಿಸಲು ಬಂದ ಮೇಲೆ ಒಂದೊಂದೇ ಮಾತು ಹೊರಬಂತು. ಅವರ ಬಿಪಿ ಮಾತ್ರೆಯನ್ನು ಮೂರು ತಿಂಗಳಿಂದ ಯಾರೂ ಒಯ್ದಿಲ್ಲ ಅನ್ನುವುದು ಔಷಧಿ ಅಂಗಡಿಯವನಿಗೆ ಗೊತ್ತಿತ್ತು. ಪೆನ್ಷನ್ ಬಂದ ದಿನವೇ ಸಂಬಂಧಿಕನೊಬ್ಬ ಪೂರ್ತಿ ಹಣ ತೆಗೆಯುತ್ತಿದ್ದುದನ್ನು ಬ್ಯಾಂಕಿನ ಹುಡುಗಿ ನೋಡಿದ್ದಳು. ಮೇಲಿನ ಮನೆಯವರಿಗೆ ರಾತ್ರಿ ಕೂಗಾಟ ಕೇಳಿಸುತ್ತಿತ್ತು. ನಾನು ಖಾಲಿ ಕುರ್ಚಿ ನೋಡಿದ್ದೆ. ನಾಲ್ಕು ಜನರ ಹತ್ತಿರ ನಾಲ್ಕು ಚೂರು. ಒಂದೊಂದನ್ನೇ ನೋಡಿದರೆ ಏನೂ ಅಲ್ಲ. ಜೋಡಿಸಿ ನೋಡಿದವರು ಯಾರೂ ಇರಲಿಲ್ಲ.

ಆಮೇಲೆ ಹಿರಿಯರ ಮೇಲಿನ ದೌರ್ಜನ್ಯದ ವಿಷಯ ಹುಡುಕಿ ಓದಿದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಪ್ರಕಾರ 60 ದಾಟಿದ ಆರು ಜನರಲ್ಲಿ ಒಬ್ಬರು ವರ್ಷದಲ್ಲಿ ಯಾವುದಾದರೂ ರೀತಿಯ ದೌರ್ಜನ್ಯಕ್ಕೆ ಸಿಗುತ್ತಾರೆ. 28 ದೇಶಗಳ 52 ಅಧ್ಯಯನಗಳನ್ನು ಒಟ್ಟು ಸೇರಿಸಿ 2017ರಲ್ಲಿ ಮಾಡಿದ ಲೆಕ್ಕ ಅದು. ನಾವು ದೌರ್ಜನ್ಯ ಅಂದರೆ ಹೊಡೆತ ಅಂದುಕೊಳ್ಳುತ್ತೇವೆ, ಅಲ್ವಾ? ಆದರೆ ಅದರಲ್ಲಿ ಎಲ್ಲಕ್ಕಿಂತ ಜಾಸ್ತಿ ಕಂಡದ್ದು ಬೈಗುಳ, ಅವಮಾನ, ಬೆದರಿಕೆ. ಆಮೇಲೆ ಹಣ ಕಿತ್ತುಕೊಳ್ಳುವುದು. ಅದರ ನಂತರ ಊಟ, ಔಷಧಿ, ಸ್ನಾನ ಯಾವುದನ್ನೂ ನೋಡದೆ ಬಿಟ್ಟುಬಿಡುವುದು. ಹೊಡೆತ ಇವೆಲ್ಲದರ ಕೆಳಗಿತ್ತು. ಗಾಯವನ್ನೇ ಹುಡುಕುತ್ತಾ ಕೂತರೆ ಬಹಳಷ್ಟು ಕಣ್ಣು ತಪ್ಪುತ್ತದೆ. 24 ಪ್ರಕರಣಗಳಲ್ಲಿ ಒಂದು ಮಾತ್ರ ಹೊರಗೆ ಬರುತ್ತದೆ ಅನ್ನುವ ಅಂದಾಜೂ ಇದೆ. ಹೆತ್ತ ಮಗನ ಮೇಲೆ ಯಾರ ಹತ್ತಿರ ದೂರು ಹೇಳುವುದು? ಹೇಳಿದ ಮೇಲೆ ರಾತ್ರಿ ಅದೇ ಮನೆಯಲ್ಲೇ ಮಲಗಬೇಕಲ್ಲ.

ಜೂನ್ 15ನ್ನು ಇದಕ್ಕೆಂದೇ ಜಾಗೃತಿ ದಿನ ಅಂತ ವಿಶ್ವಸಂಸ್ಥೆ 2011ರಲ್ಲಿ ಒಪ್ಪಿಕೊಂಡಿದೆ. ಒಳ್ಳೆಯದೇ. ಆದರೆ ಜೂನ್ 16ಕ್ಕೆ ಬ್ಯಾನರ್ ಇಳಿಸಿದ ಮೇಲೂ ಯಾರಾದರೂ ಬಾಗಿಲು ತಟ್ಟಬೇಕಲ್ಲ.

ಈಗ ನಿನ್ನ ವಿಷಯ. ಮೊದಲನೆಯದಾಗಿ, ಮಗನ ಮೇಲೆ ಹಾರಬೇಡ. ನೀನು ಜಗಳ ಆಡಿ ಮನೆಗೆ ಬರುತ್ತೀಯ, ಅದರ ಸಿಟ್ಟು ಬೀಳುವುದು ಅಜ್ಜಿಯ ಮೇಲೆ. ಕೈಮೇಲೆ ಕಪ್ಪು ಕಲೆ ಕಂಡ ಕೂಡಲೇ ತೀರ್ಮಾನಕ್ಕೂ ಬರಬೇಡ. ವಯಸ್ಸಾದವರ ಚರ್ಮ ತೆಳು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರಂತೂ ಸುಮ್ನೆ ತಾಗಿದರೂ ಕಲೆ ಬೀಳುತ್ತದೆ. ಎರಡೂ ತೋಳಲ್ಲಿ ಹಿಡಿದು ಅದುಮಿದಂಥ ಗುರುತಿದ್ದರೆ ಮಾತು ಬೇರೆ. ಬಡಕಲಾಗಿದ್ದಾರಾ, ಸದಾ ಮಂಪರಿನಲ್ಲಿರುತ್ತಾರಾ, ಮಗ ಒಳಗೆ ಬಂದಾಗ ಮಾತು ನಿಲ್ಲಿಸುತ್ತಾರಾ, ಅದನ್ನೂ ಗಮನಿಸು. ಕಂಡದ್ದನ್ನು ತಾರೀಖು ಹಾಕಿ ಬರೆದಿಡು. ಕಂಡದ್ದು ಮಾತ್ರ, ಊಹೆ ಬೇಡ.

ಅಜ್ಜಿ ಒಬ್ಬರೇ ಸಿಕ್ಕಾಗ ಮಾತಾಡು. "ನಿಮ್ಮನ್ನು ಹೊಡೀತಾರಾ" ಅಂತ ಕೇಳಿದರೆ ಇಲ್ಲ ಅನ್ನುತ್ತಾರೆ, ಅಷ್ಟೇ. "ಮನೆಯಲ್ಲಿ ದಿನ ಹೇಗೆ ಹೋಗುತ್ತೆ" ಅಂತ ಕೇಳಿ ಸುಮ್ಮನೆ ಕೂತುಕೋ. ಅವರಿಗೆ ಏನು ಬೇಕು ಅನ್ನುವುದನ್ನು ಅವರೇ ಹೇಳಲಿ. ಇಲ್ಲಿ ಒಳ್ಳೆಯವರೂ ಎಡವುತ್ತಾರೆ. ವಯಸ್ಸಾದವರು ಅಂದರೆ ಮಗು ಅಲ್ಲ. ಮನೆ ಬಿಡುವುದಿಲ್ಲ, ದೂರು ಬೇಡ ಅಂದರೆ ಅದು ಅವರ ತೀರ್ಮಾನ. ಜೀವಕ್ಕೆ ಅಪಾಯ ಕಂಡರೆ ಮಾತ್ರ ಕಾಯಬೇಡ, ಪೊಲೀಸರಿಗೆ ಫೋನ್ ಮಾಡು.

ಆಮೇಲೆ ಚೂರು ಜೋಡಿಸುವ ಕೆಲಸ. ಅಂದರೆ ಬೀದಿಯಲ್ಲೆಲ್ಲಾ ಮಾತು ಹರಡುವುದಲ್ಲ. ನಾಲ್ಕು ಮನೆಗೆ ಹೇಳಿದರೆ ಅದು ಹರಟೆ, ಸಂಜೆಯೊಳಗೆ ಮಗನ ಕಿವಿಗೂ ಬೀಳುತ್ತದೆ. ಹಿರಿಯರ ಸಹಾಯವಾಣಿಗೋ ಸಮಾಜ ಕಾರ್ಯಕರ್ತರಿಗೋ ಹೇಳು. ಕೆಲವು ಕಡೆ ವೈದ್ಯರು, ಸಮಾಜ ಕಾರ್ಯಕರ್ತರು, ವಕೀಲರು, ಪೊಲೀಸರು, ಹಣದ ವ್ಯವಹಾರ ಬಲ್ಲವರು ಒಂದೇ ಮೇಜಿನ ಸುತ್ತ ಕೂತು ಒಂದೊಂದು ಪ್ರಕರಣ ನೋಡುತ್ತಾರೆ. ತೂಕ ಇಳಿದದ್ದು ವೈದ್ಯರಿಗೆ ಗೊತ್ತಿರುತ್ತದೆ, ಯಾಕೆ ಅನ್ನುವುದು ಗೊತ್ತಿರುವುದಿಲ್ಲ. ಆಸ್ತಿ ಪತ್ರಕ್ಕೆ ಸಹಿ ಬಿದ್ದದ್ದು ವಕೀಲರಿಗೆ ಕಾಣುತ್ತದೆ, ಆ ದಿನ ಅಜ್ಜಿ ಮಂಪರಿನಲ್ಲಿದ್ದದ್ದು ಕಾಣುವುದಿಲ್ಲ. ನಮ್ಮ ಕಟ್ಟಡದ ಆ ಅಜ್ಜನಿಗೂ ಅಂಥ ಮೇಜು ಇದ್ದಿದ್ದರೆ ಅಂತ ಈಗಲೂ ಅನ್ನಿಸುತ್ತದೆ.

ಇನ್ನೊಂದು ಮಾತು, ನಿನಗೆ ಇಷ್ಟ ಆಗಲಿಕ್ಕಿಲ್ಲ. ಆ ಮಗನ ಕಡೆಗೂ ಒಮ್ಮೆ ನೋಡು. ಮರೆವಿನ ಕಾಯಿಲೆ ಇರುವವರನ್ನು ಹಗಲು ರಾತ್ರಿ ಒಬ್ಬನೇ ನೋಡಿಕೊಂಡು, ನಿದ್ದೆಗೆಟ್ಟು, ತಾಳ್ಮೆ ಕಳೆದುಕೊಂಡು ಕೈ ಎತ್ತಿದವರೂ ಇದ್ದಾರೆ. ಕೈ ಎತ್ತಿದ್ದು ಸರಿ ಅಂತಲ್ಲ. ಆದರೆ ಅಂಥವನಿಗೆ ವಾರಕ್ಕೆ ಎರಡು ಗಂಟೆ ಬಿಡುವು ಸಿಕ್ಕರೂ ಮನೆಯ ಗಾಳಿ ಬದಲಾಗಬಹುದು. "ನೀವು ಹೊರಗೆ ಹೋಗಿ ಬನ್ನಿ, ಅಮ್ಮನ ಜೊತೆ ನಾನಿರುತ್ತೇನೆ" ಅಂದು ನೋಡು. ಅಜ್ಜಿ ಒಬ್ಬರೇ ಸಿಗುವುದಕ್ಕೂ ಅದೇ ದಾರಿ. ಒಪ್ಪಿದರೆ ಒಳ್ಳೆಯದು. ಯಾವ ಕಾರಣಕ್ಕೂ ಯಾರನ್ನೂ ಒಳಗೆ ಬಿಡದಿದ್ದರೆ ಅದನ್ನೂ ತಾರೀಖು ಹಾಕಿ ಬರೆದಿಡು. ನಮ್ಮ ಕಟ್ಟಡದ ಅಜ್ಜನ ಸಂಬಂಧಿಕನಿಗೆ ದಣಿವೂ ಇರಲಿಲ್ಲ, ಮಣ್ಣೂ ಇರಲಿಲ್ಲ. ದುಡ್ಡು ಬೇಕಿತ್ತು, ಅಷ್ಟೇ.

ಗುರುವಾರ ನಿನಗೆ ರಜೆ ಅಲ್ವಾ? ಕನ್ನಡಕದಿಂದಲೇ ಶುರು ಮಾಡು. ಯಾರಿಗೂ ಅನುಮಾನ ಬರುವ ಪ್ರಶ್ನೆ ಅಲ್ಲ ಅದು. ಮುರಿದಿದೆ ಅಂದರೆ ರಿಪೇರಿ ಮಾಡಿಸಿಕೊಂಡು ಬರುತ್ತೇನೆ ಅಂತ ಇಸಿದುಕೋ. ವಾಪಸ್ ಕೊಡಲಿಕ್ಕಾದರೂ ಇನ್ನೊಮ್ಮೆ ಆ ಬಾಗಿಲು ತಟ್ಟಬಹುದು. ರಾತ್ರಿ ಫೋನ್ ಮಾಡು, ಎಷ್ಟು ಹೊತ್ತಾದರೂ ಎದ್ದಿರುತ್ತೇನೆ.

ನಿನ್ನ ಗೆಳೆಯ