ತೊಗರಿ ಬೀಜದ ಮೇಲೆ ಕೆಲಸ ಶುರು ಮಾಡಿರುವ ಪುಟ್ಟಿಗೆ

ಪ್ರೀತಿಯ ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ಎಂಎಸ್ಸಿ ಥೀಸಿಸ್‌ಗೆ ತೊಗರಿ ಬೀಜದ ಪ್ರೋಟೀನ್ ವಿಷಯ ತಗೊಂಡಿದ್ದೀಯ ಅಂತ ನಿಮ್ಮಪ್ಪ ಹೇಳಿದ. ತುಂಬಾ ಖುಷಿಯಾಯಿತು. ಬೀಜ ಪರೀಕ್ಷೆಯ ಲ್ಯಾಬಿನಲ್ಲೇ ನನ್ನ ನೌಕರಿ ಕಳೆಯಿತಲ್ಲ, ಅದಕ್ಕೇ ಈ ಮಾತು ಹೇಳುತ್ತಿದ್ದೇನೆ. ಪ್ರೋಟೀನ್ ಎಷ್ಟು ಅನ್ನುವ ಒಂದೇ ಅಂಕಿ ಹಿಡಿದು ಬೀಜ ಒಳ್ಳೆಯದು ಅಂತ ತೀರ್ಮಾನ ಮಾಡಬೇಡ.

ಆ ಅಂಕಿ ಬರುವುದು ಎಲ್ಲಿಂದ ನೋಡು. ಕೆಲ್ಡಾಲ್ ವಿಧಾನ 1883ರದ್ದು, ಅದು ಅಳೆಯುವುದು ಸಾರಜನಕವನ್ನು. ಬಂದದ್ದನ್ನು 6.25ರಿಂದ ಗುಣಿಸಿ ಪ್ರೋಟೀನ್ ಅನ್ನುತ್ತೇವೆ. ಬಲಿಯದ ಕಾಳಿನಲ್ಲಿ ಇನ್ನೂ ಪ್ರೋಟೀನ್ ಆಗದ ಬಿಡಿ ಅಮೈನೋ ಆಮ್ಲಗಳು ಜಾಸ್ತಿ, ಅವೂ ಲೆಕ್ಕಕ್ಕೆ ಸೇರುತ್ತವೆ. ಸುಕ್ಕು ಕಾಳಿನಲ್ಲಿ ಪಿಷ್ಟ ಸರಿಯಾಗಿ ತುಂಬಿರುವುದಿಲ್ಲ, ಹಾಗಾಗಿ ಶೇಕಡಾ ಲೆಕ್ಕದಲ್ಲಿ ಪ್ರೋಟೀನ್ ಹೆಚ್ಚು ಕಾಣಬಹುದು, ಮೊಳಕೆಗೆ ಇಟ್ಟರೆ ಮಾತ್ರ ಬಣ್ಣ ಬಯಲು. ಶೇಕಡಾ ಜೊತೆಗೆ ನೂರು ಕಾಳಿನ ತೂಕವನ್ನೂ, ಒಂದು ಕಾಳಿಗೆ ಎಷ್ಟು ಮಿಲಿಗ್ರಾಂ ಪ್ರೋಟೀನ್ ಅನ್ನುವುದನ್ನೂ ಬರಿ.

ಆಮೇಲೆ ಯಾವ ಪ್ರೋಟೀನ್ ಅಂತ ಕೇಳು. ಬೇಳೆಕಾಳಿನಲ್ಲಿ ದೊಡ್ಡ ಪಾಲು ಉಪ್ಪುನೀರಿನಲ್ಲಿ ಕರಗುವ ಗ್ಲೋಬ್ಯುಲಿನ್. ಮೊಳಕೆ ತನ್ನ ಕಾಲ ಮೇಲೆ ನಿಲ್ಲುವವರೆಗಿನ ಬುತ್ತಿ ಅದು, ಎರಡು ಬೇಳೆಗಳಲ್ಲಿ ತುಂಬಿಟ್ಟಿರುತ್ತದೆ. ನೀರಿನಲ್ಲಿ ಕರಗುವ ಆಲ್ಬುಮಿನ್ ಕಡಿಮೆ, ಆದರೆ ಗಂಧಕ ಇರುವ ಅಮೈನೋ ಆಮ್ಲಗಳು ಅದರಲ್ಲೇ ಜಾಸ್ತಿ. ಗ್ಲೋಬ್ಯುಲಿನ್‌ಗಳಲ್ಲೂ ವೇಗವಾಗಿ ತಿರುಗಿಸಿದಾಗ ತಳ ಸೇರುವ ವೇಗ ನೋಡಿ ಹೆಸರಿಟ್ಟ 11ಎಸ್, 7ಎಸ್ ಅಂತ ಎರಡು ಗುಂಪು ಇವೆಯಲ್ಲ, ಅವುಗಳಲ್ಲಿ 7ಎಸ್ ಗುಂಪಿಗೆ ಗಂಧಕ ತುಂಬಾ ಕಮ್ಮಿ ಸಾಕು.

ಇದು ಹೊಲಕ್ಕೆ ನೇರವಾಗಿ ಸಂಬಂಧಪಟ್ಟ ವಿಷಯ. ಮಣ್ಣಿನಲ್ಲಿ ಗಂಧಕ ಕೊರತೆಯಾದರೆ ಗಿಡ ಸುಮ್ನೆ ಕೂರುವುದಿಲ್ಲ, ಗಂಧಕ ಬೇಡದ ಪ್ರೋಟೀನನ್ನೇ ಹೆಚ್ಚು ಕಟ್ಟುತ್ತದೆ. ಸೋಯಾಬೀನ್, ಬಟಾಣಿ ಎರಡರಲ್ಲೂ ಇದನ್ನು ಚೆನ್ನಾಗಿ ನೋಡಿದ್ದಾರೆ. ಒಟ್ಟು ಪ್ರೋಟೀನ್ ಹೆಚ್ಚುಕಮ್ಮಿ ಅಷ್ಟೇ ಇದ್ದರೂ ಒಳಗಿನ ಪಾಲು ಬದಲಾಗಿರುತ್ತದೆ, ಕೆಲ್ಡಾಲ್‌ಗೆ ಅದು ಕಾಣುವುದೇ ಇಲ್ಲ. ನಮ್ಮ ಕಡೆ ಸೂಪರ್ ಫಾಸ್ಫೇಟ್ ಗೊಬ್ಬರ ಬಿಟ್ಟು ಡಿಎಪಿ ಗೊಬ್ಬರ ಹಿಡಿದವರೇ ಬಹಳ. ಸೂಪರ್‌ನಲ್ಲಿ ಶೇ. 11ರಷ್ಟು ಗಂಧಕ ಇರುತ್ತದೆ, ಡಿಎಪಿಯಲ್ಲಿ ಇಲ್ಲ. ಅದಕ್ಕೆ ಸ್ಯಾಂಪಲ್ ತರುವಾಗ ಆ ಹೊಲಕ್ಕೆ ಏನು ಗೊಬ್ಬರ ಹಾಕಿದ್ದರು ಅಂತ ಕೇಳಿ ಬರೆದುಕೋ.

ಹೊಟ್ಟೆಯಲ್ಲಿ ಪ್ರೋಟೀನ್ ಜೀರ್ಣಿಸುವ ಟ್ರಿಪ್ಸಿನ್ ಕಿಣ್ವವನ್ನು ತಡೆಯುವ ಪ್ರೋಟೀನ್‌ಗಳು ಕಾಳಿನಲ್ಲಿವೆ, ಅವನ್ನು ಅಡುಗೆಮನೆ ಕಣ್ಣಿಂದ ಮಾತ್ರ ನೋಡಬೇಡ. ತಿನ್ನುವವರಿಗೆ ಅದು ತೊಂದರೆ, ಬೇಯಿಸಿದರೆ ಬಹುಪಾಲು ಹೋಗುತ್ತದೆ. ಗಿಡಕ್ಕೆ ಅದು ಕೀಟಗಳ ವಿರುದ್ಧದ ರಕ್ಷಣೆ, ಜೊತೆಗೆ ಗಂಧಕದ ದಾಸ್ತಾನು. ಮೆಕ್ಸಿಕೋದ ಕಾಡು ಬೀನ್ಸ್‌ನಲ್ಲಿ ಸಿಕ್ಕ ಆರ್ಸೆಲಿನ್ ಅನ್ನುವ ಪ್ರೋಟೀನ್ ಕಾಳು ಕೊರೆಯುವ ಹುಳುವನ್ನೇ ತಡೆಯುತ್ತದೆ. ಬೇಳೆಗೆ ಒಳ್ಳೆಯದಾದದ್ದೆಲ್ಲ ಬಿತ್ತನೆಗೂ ಒಳ್ಳೆಯದು ಅಂತೇನಿಲ್ಲ, ಅಲ್ವಾ?

ಎಲ್ಲಕ್ಕಿಂತ ಮುಖ್ಯ ಹಳೇ ಬೀಜದ ವಿಷಯ. ಬಿಸಿಲು, ತೇವದಲ್ಲಿ ಇಟ್ಟು ಸತ್ತುಹೋದ ಬೀಜದಲ್ಲೂ ಸಾರಜನಕ ಇದ್ದಷ್ಟೇ ಇರುತ್ತದೆ! ಕೆಟ್ಟಿರುವುದು ಪ್ರೋಟೀನಿನ ಸ್ವರೂಪ. ಕರಗುವ ಗುಣ ಕಡಿಮೆಯಾಗುತ್ತದೆ, ಕಿಣ್ವಗಳು ಕೆಲಸ ನಿಲ್ಲಿಸುತ್ತವೆ, ಕೋಶದ ಪೊರೆ ಸೋರುತ್ತದೆ. ಸೋರಿದ ಲವಣ ನೀರಿಗೆ ಸೇರಿದಷ್ಟೂ ಅದರಲ್ಲಿ ವಿದ್ಯುತ್ ಸುಲಭವಾಗಿ ಹರಿಯುತ್ತದೆ, ಅದಕ್ಕೆ ಬೀಜ ನೆನೆಸಿದ ನೀರಿನ ವಿದ್ಯುತ್ ವಾಹಕತೆ ಅಳೆಯುವುದನ್ನು ಬಿಡಬೇಡ. ಪ್ರಮಾಣಿತ ತೊಗರಿ ಬೀಜಕ್ಕೆ ತೇವಾಂಶ ಶೇ. 9 ಮೀರಬಾರದು, ಮೊಳಕೆ ಶೇ. 75ಕ್ಕಿಂತ ಕಡಿಮೆ ಇರಬಾರದು ಅಂತ ನಿಯಮ ಇದೆ. ಅದು ಕನಿಷ್ಠ ಅಷ್ಟೇ. ಮೊಳಕೆ ಬಂದ ಮಾತ್ರಕ್ಕೆ ಸಸಿಗೆ ಕಸುವಿದೆ ಅಂತಲ್ಲ, ಸಸಿಯ ಉದ್ದ, ಒಣತೂಕ ಎರಡನ್ನೂ ತೆಗಿ.

ಅಂಗಡಿಯಿಂದ ತಂದ ಕಾಳಿನ ಮೇಲೆ ಥೀಸಿಸ್ ಕಟ್ಟಬೇಡ, ಅದು ಯಾವಾಗ ಕೊಯ್ದದ್ದು, ಎಲ್ಲಿ ಇಟ್ಟದ್ದು ಅಂತ ಯಾರಿಗೂ ಗೊತ್ತಿರುವುದಿಲ್ಲ. ನಮ್ಮ ಹೊಲದ್ದು ಬೇಕಾದರೆ ಫೋನ್ ಮಾಡು. ರಾಶಿ ಮಾಡಿದ ತಾರೀಖು, ಗೊಬ್ಬರದ ವಿವರ ಚೀಟಿಯಲ್ಲಿ ಬರೆದು ಬೀಜ ಕಳಿಸುತ್ತೇನೆ.

ನಿನ್ನ ದೊಡ್ಡಪ್ಪ