ಪಾಯ ಅಗೆಯುವ ಮೊದಲು ಕಿಟಕಿ ನೋಡಿ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯಲ್ಲಿ ಬರುವ ಮನೆ ನಕ್ಷೆಗಳನ್ನು ಒಂದು ವರ್ಷದಿಂದ ಕತ್ತರಿಸಿ ಇಟ್ಟುಕೊಳ್ಳುತ್ತಿದ್ದೇನೆ. ನಾವೂ ದಾವಣಗೆರೆಯಲ್ಲಿ ಮನೆ ಕಟ್ಟಿಸಲು ಹೊರಟಿದ್ದೇವೆ. ಪೂರ್ವಕ್ಕೆ ರಸ್ತೆ ಇರುವ 30×40 ಸೈಟು. ಆ ನಕ್ಷೆಗಳಲ್ಲಿ ರೂಮಿನ ಅಳತೆ, ವಾಸ್ತು, ಕಾರಿಗೆ ಜಾಗ ಎಲ್ಲಾ ಇರುತ್ತದೆ. ಕಿಟಕಿ ಯಾವ ಗೋಡೆಗೆ, ಎಷ್ಟು ಅಗಲ, ಯಾಕೆ ಅಲ್ಲೇ ಬೇಕು ಅನ್ನೋದು ಮಾತ್ರ ಇರಲ್ಲ. ಗೋಡೆ ನಡುವೆ ಎರಡು ಗೆರೆ ಎಳೆದಿರುತ್ತಾರೆ, ಅಷ್ಟೇ. ಈ ಪತ್ರ ಅದರ ಬಗ್ಗೆ.

ನಮಗೆ ಬಂದ ಮೊದಲ ಪ್ಲ್ಯಾನ್ ಕೂಡ ಹಾಗೇ ಇತ್ತು. ಕಾಗದದ ಮೇಲೆ ಚೆನ್ನಾಗಿಯೇ ಕಾಣುತ್ತಿತ್ತು. ಮೇ ತಿಂಗಳ ಒಂದು ಭಾನುವಾರ ಮೇಸ್ತ್ರಿಯನ್ನು ಕರೆದುಕೊಂಡು ಸೈಟಿಗೆ ಹೋದೆವು. ಹಗ್ಗ ಹಿಡಿದು, ಸುಣ್ಣದ ಪುಡಿ ಉದುರಿಸಿ, ಇಡೀ ಪ್ಲ್ಯಾನನ್ನು ನೆಲದ ಮೇಲೆ ಅದರದೇ ಅಳತೆಗೆ ಗೆರೆ ಹಾಕಿಸಿದೆವು. ಕಿಟಕಿ ಬರುವ ಕಡೆ ಎರಡೆರಡು ಇಟ್ಟಿಗೆ ಇಟ್ಟೆವು. ಮಂಚದ ಜಾಗಕ್ಕೆ ಜಮಖಾನ ಹಾಸಿದೆವು. ಬೆಳಿಗ್ಗೆ ಎಂಟರಿಂದ ಸಂಜೆ ಐದರವರೆಗೆ ಅಲ್ಲೇ ಇದ್ದೆವು. ಆ ಒಂದು ದಿನದಲ್ಲಿ ಗೊತ್ತಾದಷ್ಟು ನಮಗೆ ಎರಡು ತಿಂಗಳು ಪ್ಲ್ಯಾನ್ ನೋಡಿದರೂ ಗೊತ್ತಾಗಿರಲಿಲ್ಲ.

ನಮ್ಮ ಅತ್ತೆ ಮೊದಲು ಅಡುಗೆ ಮನೆಯ ಗೆರೆಯೊಳಗೆ ಹೋಗಿ ನಿಂತರು. ರೊಟ್ಟಿ ತಟ್ಟುವ ಹಾಗೆ ಕೈ ಆಡಿಸಿದರು. ಆಮೇಲೆ ಮೇಸ್ತ್ರಿಯನ್ನು ಕರೆದು, "ಒಲೀ ಎದುರಿಗೇ ಕಿಟಕಿ ಇಟ್ಟೀರಲ್ಲಪ್ಪ, ಗಾಳಿ ಬಂದ್ರೆ ಉರಿ ನಿಲ್ತೈತೇನು?" ಅಂದರು. ಅವರು ಹೇಳಿದ್ದು ಸರಿ. ಪೂರ್ವದ ರಸ್ತೆ ಕಡೆಯಿಂದ ಗಾಳಿ ನೇರ ಒಳಗೆ ನುಗ್ಗುತ್ತಿತ್ತು. ಕಟ್ಟೆ ಅಲ್ಲೇ ಇದೆ, ಪೂರ್ವಕ್ಕೆ ಮುಖ ಮಾಡಿ ಅಡುಗೆ ಮಾಡುವುದೂ ತಪ್ಪಿಲ್ಲ. ಕಿಟಕಿ ಮಾತ್ರ ಎರಡೂವರೆ ಅಡಿ ಪಕ್ಕಕ್ಕೆ ಸರಿಯಿತು. ಅದರ ಕೆಳಗೆ ಈಗ ಸಿಂಕ್ ಬರುತ್ತದೆ. ಹಾಗೇ ಕಿಟಕಿಯ ತಳವನ್ನು ಮೂರಡಿಯಿಂದ ನಾಲ್ಕಡಿಗೆ ಏರಿಸಿದೆವು, ಇಲ್ಲದಿದ್ದರೆ ಒಳಗೆ ತೆರೆಯುವ ಸೊಳ್ಳೆ ಜಾಲರಿಯ ಬಾಗಿಲು ದಿನಾ ನಲ್ಲಿಗೆ ಬಡಿಯುತ್ತಿತ್ತು. ಗೋಡೆ ಎದ್ದ ಮೇಲೆ ಇದನ್ನು ಸರಿಮಾಡೋಕೆ ಆಗುತ್ತಾ?

ಮಧ್ಯಾಹ್ನದ ಮೇಲೆ ನೈರುತ್ಯದ ಬೆಡ್‌ರೂಮಿನ ಸರದಿ. ವಾಸ್ತು ಪ್ರಕಾರ ಯಜಮಾನರ ರೂಮು ಅಲ್ಲೇ ಬರಬೇಕು, ಬರಲಿ. ಆದರೆ ಪ್ಲ್ಯಾನಿನಲ್ಲಿ ಪಶ್ಚಿಮದ ಗೋಡೆಗೆ ಆರಡಿ ಅಗಲದ ಕಿಟಕಿ ಇತ್ತು. ನಾಲ್ಕು ಗಂಟೆಗೆ ಆ ಎರಡು ಇಟ್ಟಿಗೆಗಳ ಮುಂದೆ ನಿಂತೆ. ಬಿಸಿಲು ಓರೆಯಾಗಿ ಎದೆಗೆ, ಮುಖಕ್ಕೆ ಹೊಡೆಯುತ್ತಿತ್ತು, ಎರಡು ನಿಮಿಷ ನಿಲ್ಲಲಾಗಲಿಲ್ಲ. ಕಿಟಕಿಯ ಮೇಲೆ ಹೊರಗೆ ಚಾಚಿದ ಎರಡಡಿ ಸಜ್ಜಾ ಹಾಕಿದರೂ ಈ ಓರೆ ಬಿಸಿಲು ಅದರ ಕೆಳಗಿಂದ ಒಳಗೆ ಬಂದೇ ಬರುತ್ತದೆ. ಅದಕ್ಕೆ ದೊಡ್ಡ ಕಿಟಕಿಯನ್ನು ದಕ್ಷಿಣದ ಗೋಡೆಗೆ ತಂದೆವು. ಅಲ್ಲಿ ಬೇಸಿಗೆಯ ಮಧ್ಯಾಹ್ನ ಬಿಸಿಲು ಒಳಗೆ ಬರಲ್ಲ, ಡಿಸೆಂಬರ್‌ನಲ್ಲಿ ಸ್ವಲ್ಪ ಬರುತ್ತದೆ, ಆಗ ಬಂದರೆ ಒಳ್ಳೆಯದೇ. ದಕ್ಷಿಣಕ್ಕಿದ್ದ ವಾರ್ಡ್‌ರೋಬ್ ಪಶ್ಚಿಮದ ಗೋಡೆಗೆ ಹೋಯಿತು. ಗೋಡೆ ಕಾದರೂ ಶಾಖ ಮೊದಲು ಬೀರುವಿಗೆ ತಾಗುತ್ತದೆ, ಮಲಗಿದವರಿಗಲ್ಲ. ಬಿಸಿಗಾಳಿ ಹೊರಗೆ ಹೋಗಲಿ ಅಂತ ಪಶ್ಚಿಮದಲ್ಲಿ ಮೇಲೆ ಒಂದು ಸಣ್ಣ ವೆಂಟಿಲೇಟರ್ ಉಳಿಸಿಕೊಂಡೆವು. ಮಲೆನಾಡಿನವರು ಇದನ್ನು ಹಾಗೇ ಮಾಡಬೇಡಿ, ಅಲ್ಲಿ ಮುಂಗಾರಿನ ಎರಚಲು ಬಡಿಯುವುದು ಪಶ್ಚಿಮದ ಗೋಡೆಗೇ, ಬೀರು ಬೂಸ್ಟು ಹಿಡಿಯುತ್ತದೆ.

ಉತ್ತರಕ್ಕೆ ಬಿಸಿಲೇ ಬರಲ್ಲ, ಸಜ್ಜಾ ಯಾಕೆ ಅಂತ ತುಂಬಾ ಜನ ಹೇಳುತ್ತಾರೆ. ನಮ್ಮೂರಲ್ಲಿ ಏಪ್ರಿಲ್ ಕೊನೆಗೆ ಸೂರ್ಯ ನೆತ್ತಿಯ ಮೇಲೆ ಬಂದು, ಅಲ್ಲಿಂದ ಆಗಸ್ಟ್ ಎರಡನೇ ವಾರದ ತನಕ ನಡುಮಧ್ಯಾಹ್ನ ಉತ್ತರದ ಕಡೆಗೇ ವಾಲಿರುತ್ತಾನೆ. ಅಲ್ಲಿಗೂ ಸಜ್ಜಾ ಬೇಕು.

ಇನ್ನೊಂದು ಚಿಕ್ಕ ವಿಷಯ, ಆದರೆ ದಿನಾ ಕಾಡುವಂಥದ್ದು. ಹತ್ತಡಿ ಗೋಡೆಯ ನಡುಮಧ್ಯೆ ನಾಲ್ಕಡಿ ಕಿಟಕಿ ಇಟ್ಟರೆ ಆ ಕಡೆ ಮೂರಡಿ, ಈ ಕಡೆ ಮೂರಡಿ ಉಳಿಯುತ್ತದೆ. ಅಗಲದ ಬೀರು ಎರಡೂ ಕಡೆ ಹಿಡಿಯಲ್ಲ. ಅದೇ ಕಿಟಕಿಯನ್ನು ಒಂದು ಮೂಲೆಗೆ ಒಂದಡಿ ಬಿಟ್ಟು ಇಟ್ಟು ನೋಡಿ, ಇನ್ನೊಂದು ಕಡೆ ಐದಡಿ ಗೋಡೆ ಸಿಗುತ್ತದೆ. ಖರ್ಚು ಒಂದು ಪೈಸೆ ಜಾಸ್ತಿ ಇಲ್ಲ.

ಸ್ಲೈಡಿಂಗ್ ಕಿಟಕಿ ಬಗ್ಗೆ ಯಾರಾದರೂ ಹೇಳಲೇಬೇಕು. ರಾಷ್ಟ್ರೀಯ ಕಟ್ಟಡ ಸಂಹಿತೆ ಪ್ರಕಾರ ಒಣ ಸೆಕೆಯ ಊರಲ್ಲಿ ರೂಮಿನ ನೆಲದ ಹತ್ತನೇ ಒಂದು ಭಾಗದಷ್ಟಾದರೂ ಕಿಟಕಿ ಬೇಕು, ಕರಾವಳಿಯಂಥ ತೇವದ ಸೆಕೆಗೆ ಆರನೇ ಒಂದು ಭಾಗ. ಅದೂ ತೆರೆಯುವ ಭಾಗವನ್ನು ಮಾತ್ರ ಲೆಕ್ಕ ಹಿಡಿಯಬೇಕು. ಒಣ ಸೆಕೆಯ ಊರಿನ 10×12 ರೂಮಿಗೆ ಅಂದರೆ 12 ಚದರಡಿ. ಈಗ ಎಲ್ಲರೂ ಹಾಕಿಸುವ ಎರಡು ಗಾಜಿನ 4×4 ಸ್ಲೈಡಿಂಗ್ ಕಿಟಕಿ ನೋಡೋಕೆ 16 ಚದರಡಿ, ತೆರೆದರೆ ಅರ್ಧ, ಬರೀ 8. ಒಂದು ಗಾಜು ಯಾವಾಗಲೂ ಇನ್ನೊಂದರ ಹಿಂದೆ ನಿಂತಿರುತ್ತದೆ. ಜಾಗ ಇದ್ದರೆ ಹೊರಗೆ ತೆರೆಯುವ ಎರಡು ಬಾಗಿಲಿನ ಕಿಟಕಿಯೇ ವಾಸಿ, ಪೂರ್ತಿ ತೆರೆದುಕೊಳ್ಳುತ್ತದೆ.

ಆದರೆ ಎಷ್ಟು ಲೆಕ್ಕ ಹಾಕಿದರೂ ಉತ್ತರದ ಕಡೆ ನಾವು ಸೋತೆವು. ಆ ಕಡೆಯ ಮನೆಯವರು ಒಂದಡಿಯೂ ಬಿಡದೆ ಗಡಿಗೆ ಸರಿಯಾಗಿ ಎರಡು ಅಂತಸ್ತು ಎಬ್ಬಿಸಿದ್ದಾರೆ. ನಾವು ಮೂರಡಿ ಬಿಟ್ಟರೂ ನಮ್ಮ ಹಾಲಿನ ಕಿಟಕಿ ತೆರೆದರೆ ಎದುರಿಗೆ ಅವರ ಗಿಲಾವು ಮಾಡದ ಗೋಡೆ. ಪ್ಲ್ಯಾನಿಗೆ ಒಪ್ಪಿಗೆ ಕೊಡುವಾಗ ಪಕ್ಕದಲ್ಲಿ ಇಷ್ಟು ಜಾಗ ಬಿಡಬೇಕು ಅಂತ ಬರೆದಿರುತ್ತದೆ. ಗೋಡೆ ಏಳುವಾಗ ಬಂದು ಟೇಪು ಹಿಡಿಯುವವರು ಇಲ್ಲ. ಆ ಜಾಗ ಯಾರದೋ ಹೆಚ್ಚುವರಿ ಸ್ಟೋರ್ ರೂಮಲ್ಲ, ಎರಡೂ ಮನೆಗೆ ಗಾಳಿ ಬರುವ ದಾರಿ. ಪಾಯದ ಮಟ್ಟದಲ್ಲೇ ಒಮ್ಮೆ ಬಂದು ಅಳೆದು ಹೋಗಿ ಅಂತ ನಗರಾಡಳಿತಗಳಿಗೆ ಕೈಮುಗಿದು ಕೇಳುತ್ತೇನೆ. ಕಿಟಕಿ ಮೇಲಿನ ಕಾಂಕ್ರೀಟ್ ತೊಲೆ (ಲಿಂಟಲ್) ಹಾಕಿದ ಮೇಲೆ ನೋಟಿಸ್ ಕೊಟ್ಟರೆ ಯಾರಿಗೂ ಉಪಯೋಗವಿಲ್ಲ.

ನಮ್ಮ ಹಾಲಿಗೆ ಈಗ ಮೆಟ್ಟಿಲ ಮೇಲಿಂದ ಬೆಳಕು ತರುತ್ತಿದ್ದೇವೆ. ಅತ್ತೆಯ ತವರಿನ ಮಾಳಿಗೆ ಮನೆಯಲ್ಲಿ ಬೆಳಕಿಂಡಿ ಇತ್ತಂತೆ, ಅದರ ಬೆಳಕು ಒರಳಿನ ಹತ್ತಿರ ಬಂದರೆ ಊಟದ ಹೊತ್ತು ಅಂತ ಲೆಕ್ಕವಂತೆ. ಹಾಗೇ ಮೆಟ್ಟಿಲ ಮೇಲೆ ಗಾಜು, ಅದರ ಕೆಳಗೆ ಎರಡು ಕಡೆ ಜಾಲರಿ. ಬಿಸಿಗಾಳಿ ಮೇಲೇರಿ ಅಲ್ಲಿಂದ ಹೊರಗೆ ಹೋಗುತ್ತದೆ, ಪೂರ್ವದ ಕಿಟಕಿಯಿಂದ ತಂಪುಗಾಳಿ ಒಳಗೆ ಬರುತ್ತದೆ.

ಸಂಪಾದಕರೇ, ಇನ್ನು ಮುಂದೆ ನಕ್ಷೆ ಹಾಕುವಾಗ ದಯವಿಟ್ಟು ಪ್ರತಿ ಕಿಟಕಿಯ ಅಳತೆ, ತಳದ ಎತ್ತರ, ಬಿಸಿಲು ಬರುವ ಕಡೆ, ಇಷ್ಟನ್ನಾದರೂ ಗುರುತು ಮಾಡಿ ಹಾಕಿ. ಕರಾವಳಿಗೆ ಬೇರೆ, ಬಯಲುಸೀಮೆಗೆ ಬೇರೆ ಹಾಕಿದರೆ ಇನ್ನೂ ಒಳ್ಳೆಯದು.

ನಮ್ಮದು ಶ್ರಾವಣದಲ್ಲಿ ಪಾಯದ ಪೂಜೆ. ವಾಯುವ್ಯದ ಮಕ್ಕಳ ರೂಮಿನ ಕಿಟಕಿ ಇನ್ನೂ ಗಟ್ಟಿಯಾಗಿಲ್ಲ. ಈ ಭಾನುವಾರ ಹಗ್ಗ, ಸುಣ್ಣ ಹಿಡಿದು ಮತ್ತೆ ಹೋಗುತ್ತೇವೆ.

– ಒಬ್ಬ ಓದುಗರು, ದಾವಣಗೆರೆ