ಚಿತ್ತಾರದ ಅಜ್ಜಿಯರಿಗೆ ಕೂಲಿ ಕೊಡಿ, ಸರ್

ಮಾನ್ಯ ಕನ್ನಡ ಮತ್ತು ಸಂಸ್ಕೃತಿ ಸಚಿವರಿಗೆ,

ನಮಸ್ಕಾರ. ನಾನು ಸಾಗರ ತಾಲ್ಲೂಕಿನ ಒಂದು ಹಳ್ಳಿಯವಳು. ಮಗಳು ಸರ್ಕಾರಿ ಶಾಲೆಯಲ್ಲಿ ಏಳನೇ ಕ್ಲಾಸು. ಅಲ್ಲಿನ ಎಸ್‌ಡಿಎಂಸಿಯಲ್ಲಿ, ಅಂದರೆ ಶಾಲೆಯ ಉಸ್ತುವಾರಿ ಸಮಿತಿಯಲ್ಲಿ, ನಾನೂ ಇದ್ದೇನೆ.

ಎರಡು ವರ್ಷದ ಹಿಂದೆ ಭೂಮಿ ಹುಣ್ಣಿಮೆಗೆ ಮುಂಚೆ ನಮ್ಮ ಕೇರಿಯ ಇಬ್ಬರು ಅಜ್ಜಿಯರು ಮಕ್ಕಳಿಗೆ ಗೋಡೆ ಮೇಲೆ ಚಿತ್ತಾರ ಬರೆಯೋದು ಕಲಿಸಲು ಶಾಲೆಗೆ ಬಂದರು. ಬಿಸಿಯೂಟದ ಕೋಣೆಯ ಗೋಡೆಗೆ ಮಕ್ಕಳೇ ಕೆಮ್ಮಣ್ಣು ಬಳಿದಿದ್ದರು. ಒಬ್ಬ ಅಜ್ಜಿ ನೆನೆಸಿದ ಅಕ್ಕಿ ಅರೆದು ತಂದಿದ್ದರು. ಇನ್ನೊಬ್ಬರು ಪುಂಡಿನಾರಿನ ತುದಿ ಬಿಡಿಸಿ, ಕುಂಚ ಮಾಡಿ ಒಬ್ಬೊಬ್ಬರ ಕೈಗೂ ಕೊಟ್ಟರು. ಕಪ್ಪು ಬೇಕು ಅಂದಾಗ ಅಕ್ಕಿಯನ್ನು ಕರಕಲಾಗುವ ತನಕ ಹುರಿದರು. ಹಳದಿ ಬಣ್ಣಕ್ಕೆ 'ಗುರಿಗೆ' ಅನ್ನೋ ಕಾಯಿ. ಒಬ್ಬ ಹುಡುಗ ಎಳೆ, ಅಂದರೆ ಗೆರೆ, ಬರೆಯಲು ಸ್ಕೇಲು ಹಿಡಿದು ಬಂದ. ಅಜ್ಜಿ ಅದನ್ನು ಮೆತ್ತಗೆ ಇಸ್ಕೊಂಡು ಪಕ್ಕಕ್ಕಿಟ್ಟು, "ಎಳೆ ಕೈಗೆ ಬರಲಿ ಮಗಾ, ಅವಸರ ಬೇಡ" ಅಂದರು. ಹಸೆ ಹಾಡು ಶುರುವಾದ ಮೇಲೆ ಮಕ್ಕಳ ಗಲಾಟೆ ತಾನಾಗೇ ನಿಂತಿತು. ಮಧ್ಯಾಹ್ನದೊಳಗೆ ಆ ಹುಡುಗನ ಎಳೆಯೂ ನೆಟ್ಟಗಾಗಿತ್ತು.

ಮರುವರ್ಷ ಸುಣ್ಣಬಣ್ಣಕ್ಕೆ ಹಣ ಬಂತು. ಗುತ್ತಿಗೆ ಹಿಡಿದವರು ಆ ಗೋಡೆಗೂ ಆಯಿಲ್ ಪೇಂಟ್ ಹೊಡೆದು, ಕಾರ್ಟೂನ್ ಬರೆದು ಹೋದರು. ಬೇಕಂತ ಮಾಡಿದ್ದಲ್ಲ. ಒಂದು ಮಾತು ಕೇಳಬೇಕು ಅಂತ ಯಾರಿಗೂ ಅನ್ನಿಸಲಿಲ್ಲ. ರಜೆ ಮುಗಿಸಿ ಹೋದ ಮಗಳು ಸಂಜೆ ಮನೆಗೆ ಬಂದು, "ಅಮ್ಮಾ, ನಾವು ಬರೆದಿದ್ದು ಇಲ್ಲ" ಅಂದಳು.

ನಮ್ಮ ದೀವರ ಸಮುದಾಯದ ಮನೆಗಳಲ್ಲಿ ಚಿತ್ತಾರ ಬರೆಯುವವರು ಹೆಂಗಸರು. ಮದುವೆಗೆ ಗೋಡೆ ಮೇಲೆ ಹಸೆ ಚಿತ್ತಾರ, ಭೂಮಿ ಹುಣ್ಣಿಮೆಗೆ ಭೂಮಣ್ಣಿ ಬುಟ್ಟಿ. ಮಣ್ಣಿನ ಗೋಡೆ ಹೋಗಿ ಸಿಮೆಂಟ್ ಬಂದ ಮೇಲೆ ಹಸೆ ಎಷ್ಟೋ ಮನೆಗಳಲ್ಲಿ ಹಾಳೆಗೆ ಇಳಿದಿದೆ. ಬುಟ್ಟಿಗೆ ಮಾತ್ರ ಈಗಲೂ ಸಗಣಿ, ಕೆಮ್ಮಣ್ಣು ಬಳಿದು ಚಿತ್ತಾರ ಬರೆಯುತ್ತೇವೆ. ತೆನೆ ಕಟ್ಟುವ ಹೊತ್ತಿನ ಗದ್ದೆ ಬಸುರಿ ಅಂತಲೇ ಲೆಕ್ಕ. ರಾತ್ರಿಯೆಲ್ಲಾ ಅಡುಗೆ ಮಾಡಿ, ಆ ಬುಟ್ಟಿಯಲ್ಲೇ ಅವಳಿಗೆ ಬಯಕೆ ಊಟ ಒಯ್ಯುತ್ತೇವೆ. ಇದನ್ನು ಮಕ್ಕಳು ಸುಮ್ನೆ ಕ್ರಾಫ್ಟ್ ಅಂತ ಕಲಿತರೆ ಸಾಲದು, ಅಲ್ವಾ?

ಅವತ್ತು ಅಜ್ಜಿಯರು ಎರಡು ದಿನದ ಕೂಲಿ ಬಿಟ್ಟು ಬಂದಿದ್ದರು. ನಾವು ಕೊಟ್ಟಿದ್ದು ಒಂದೊಂದು ಶಾಲು, ಒಂದೊಂದು ತೆಂಗಿನಕಾಯಿ. ನೆನೆಸಿಕೊಂಡರೆ ಇವತ್ತಿಗೂ ನಾಚಿಕೆ ಆಗುತ್ತೆ. 2017ರಲ್ಲಿ ಬಿಹಾರದ ಮಧುಬನಿ ರೈಲು ನಿಲ್ದಾಣದ ಗೋಡೆಗಳಿಗೆ ಅಲ್ಲಿನ ಕಲಾವಿದರು ಚಿತ್ರ ಬರೆದರು. ಇಡೀ ದೇಶ ಹೊಗಳಿತು. ಅವರೂ ಕೂಲಿ ಇಲ್ಲದೆಯೇ ಬರೆದಿದ್ದು. ಪೇಂಟ್ ಹೊಡೆಯುವವರಿಗೆ ದಿನದ ಲೆಕ್ಕದಲ್ಲಿ ದುಡ್ಡು ಕೊಡುವ ನಾವು, ಚಿತ್ತಾರಗಿತ್ತಿಗೆ ಮಾತ್ರ ಯಾಕೆ ಶಾಲು ಹೊದಿಸಿ ಕಳಿಸಬೇಕು?

ಶಾಲೆಗಳಲ್ಲಿ ಬ್ಯಾಗ್ ಇಲ್ಲದ ಸಂಭ್ರಮ ಶನಿವಾರ ಹೇಗೂ ಇದೆ. ನಮ್ಮ ಕಡೆ ಆ ದಿನ ಒಬ್ಬ ಚಿತ್ತಾರಗಿತ್ತಿಯನ್ನು ಸಂಬಳ ಕೊಟ್ಟು ಕರೆಸಿ. ಶಿಕ್ಷಣ ಇಲಾಖೆಯ ಜೊತೆ ನೀವೇ ಕೂತು ಮಾತಾಡಿ. ಹೆಬ್ಬೆಟ್ಟು ಒತ್ತುವವರು ಅನ್ನೋ ಕಾರಣಕ್ಕೆ ಫೈಲು ನಿಲ್ಲಬಾರದು. ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ 2011ರಿಂದ ಜಾನಪದ ವಿಶ್ವವಿದ್ಯಾಲಯ ಇದೆ. ಇವರು ಬಲ್ಲವರು ಅಂತ ಅಲ್ಲಿಂದ ಒಂದು ಪತ್ರ ಕೊಡಿಸಿದರೆ ಸಾಕು. ಮಕ್ಕಳು ಬರೆದ ಗೋಡೆಗೆ ಎಸ್‌ಡಿಎಂಸಿ ಒಪ್ಪಿಗೆ ಇಲ್ಲದೆ ಬಣ್ಣ ಹೊಡೆಯಬಾರದು ಅಂತಲೂ ಆದೇಶದಲ್ಲಿ ಸೇರಿಸಿ.

ಆ ಅಜ್ಜಿಯರಲ್ಲಿ ಒಬ್ಬರಿಗೆ ಈಗ ಕಣ್ಣು ಮಂಜಾಗಿದೆ. ಆದರೂ ಪಕ್ಕದಲ್ಲಿ ಮಕ್ಕಳಿದ್ದರೆ ಬಾಯಲ್ಲೇ ಹೇಳಿ ಬರೆಸುತ್ತಾರೆ. ಈ ಸಲದ ಭೂಮಿ ಹುಣ್ಣಿಮೆಗೆ ಮುಂಚೆ ಆದೇಶ ಬರಲಿ ಸರ್. ಕೆಮ್ಮಣ್ಣು, ಪುಂಡಿನಾರು ನಾವೇ ತರುತ್ತೇವೆ.

ಇಂತಿ,
ಸಾಗರ ಸೀಮೆಯ ಒಬ್ಬ ತಾಯಿ